ಡಿಫೆಕ್ಟ್ ಮಾಸ್ತರ

ನಾನು ಹೇಳಹೊರಟ ಸಂಗತಿ ನಡೆದಾಗ ನನಗೆ ಐವತ್ತೊಂದು ವರ್ಷ. ಅದಾಗಿ ಹದಿನಾರು ವರ್ಷವಾಯಿತು. ಮಾಸ್ತರನಿಗೆ ಆಗ ಐವತ್ತಾರೋ ಐವತ್ತೇಳೋ. ಹೋದ ತಿಂಗಳು ವಿಜಾಪುರ ರಸ್ತೆಯಲ್ಲಿ ಮಗಳ ಮನೆಯಲ್ಲಿ ತೀರಿಕೊಂಡ. ನಾನೂ ಮಣ್ಣಿಗೆ ಹೋಗಿದ್ದೆ. ಅಲ್ಲಿ ನಿಂತವರೊಬ್ಬರು ‘ಭಾಳ ಚಲೋ ಮನಿಷಾ ಇದ್ರು’ ಅಂದರು. ಹೆಣದ ಮುಂದೆ ಹಾಗೆ ಅನ್ನಬೇಕಾಗುತ್ತದೆ, ಅದಕ್ಕೇ ಅಂದರು. ಹದಿನೆಂಟು ವರ್ಷ ಅವನ ಪಕ್ಕದ ಮೇಜಿನಲ್ಲಿ ಕೂತವಳು ನಾನು. ಅವನ ಹೆಂಡತಿ ಅವನಿಂದ ಬೇಸತ್ತಿದ್ದಳು, ಮಗಳು ಹೆದರುತ್ತಿದ್ದಳು, ಸೂಜಿ ಕೆಲಸದ ನಾವು ಆರು ಮಂದಿ ಹೆಂಗಸರು ಅವನು ಯಾವಾಗ ಊಟಕ್ಕೆ ಏಳುತ್ತಾನೋ ಎಂದು ಗಡಿಯಾರ ನೋಡುತ್ತಿದ್ದೆವು.

ಎದುರಿಗೆ ಅವನನ್ನು ‘ಮಾಸ್ತರ್ರೀ’ ಎಂದು ಬಹುವಚನದಲ್ಲಿ ಕರೆಯುತ್ತಿದ್ದೆವು, ಹಿಂದೆ ಏಕವಚನ. ಈಗ ಅವನು ಎದುರಿಗಿಲ್ಲ. ಏಕವಚನದಲ್ಲೇ ಬರೆಯುತ್ತೇನೆ. ಮೈಂದರ್ಗಿಯ ಕನ್ನಡ ಸಾಲೆಯಲ್ಲಿ ಮೂರನೇ ಇಯತ್ತೆ ಕಲಿತ ಕೈ ಇದು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಸೊಲ್ಲಾಪುರದಲ್ಲಿ ಅಕ್ಕಲಕೋಟ ರಸ್ತೆಯ ಮೇಲೆ ಒಂದು ಚಾದರಿನ ಫ್ಯಾಕ್ಟರಿ. ಅವನು ಚೆಕಿಂಗ್ ಮಾಸ್ತರ. ಅವನ ಮುಂದೆ ಒಂದು ಗಾಜಿನ ಮೇಜು, ಗಾಜಿನ ಕೆಳಗೆ ಟ್ಯೂಬ್‌ಲೈಟು. ಮಗ್ಗದಿಂದ ಬಂದ ಚಾದರನ್ನು ಆ ಬೆಳಕಿನ ಮೇಲೆ ಎಳೆಯುತ್ತ ಹೋಗುವನು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲಿ ಎಣ್ಣೆಯ ಕಲೆ, ಅಲ್ಲಿ ನೇರಕ್ಕೆ ಅಂಚಿನಲ್ಲಿ ಒಂದು ಕೆಂಪು ದಾರ ಕಟ್ಟುವನು. ದಾರ ಕಟ್ಟಿದ್ದು ನನ್ನ ಮೇಜಿಗೆ ಬರುತ್ತಿತ್ತು. ನಾನು ಸೂಜಿಯಿಂದ ಎಳೆ ಕೂಡಿಸಿ ರಫೂ ಮಾಡುತ್ತಿದ್ದೆ. ನನ್ನಿಂದ ಆಗದ್ದು ತಿರುಗಿ ಅವನ ಕಡೆ ಹೋಗುತ್ತಿತ್ತು. ಆಗ ಅವನು ಉಡದಾರಕ್ಕೆ ಕಟ್ಟಿದ ಕೀಲಿಯಿಂದ ತಗಡಿನ ಡಬ್ಬಿ ತೆಗೆದು, ಒಳಗಿನ ರಬ್ಬರಿನ ಶಿಕ್ಕಾ ತೆಗೆದು, ಮೂಲೆಗೆ ಒಂದೇ ಹೊಡೆತ ಹೊಡೆಯುತ್ತಿದ್ದ. ಡಿಫೆಕ್ಟ್. ನೇರಳೆ ಬಣ್ಣದ ಇಂಗ್ಲಿಷ್ ಅಕ್ಷರ. ನನಗೆ ಓದಲು ಬರುವ ಇಂಗ್ಲಿಷ್ ಅಷ್ಟೇ.

ಆ ಶಬ್ದವನ್ನು ಅವನು ಮೇಜಿನ ಮೇಲೆ ಬಿಟ್ಟು ಮನೆಗೆ ಹೋಗುತ್ತಿರಲಿಲ್ಲ. ನಾನು ಬುತ್ತಿ ಬಿಚ್ಚಿದರೆ ನನ್ನ ಕಡಕ್ ರೊಟ್ಟಿಯನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು ನೋಡುವನು. ನಮ್ಮನ್ನೆಲ್ಲ ಮರಾಠಿಯವರ ಹಾಗೆ ‘ಬಾಯಿ’ ಎಂದು ಕರೆಯುತ್ತಿದ್ದ. ಅಳತೆಯನ್ನು ಬೊಟ್ಟಿನಲ್ಲಿ, ಅಂದರೆ ಬೆರಳಿನ ಅಗಲದಲ್ಲಿ, ಹೇಳುತ್ತಿದ್ದ.

“ಬಾಯಿ, ಅಂಚಿನ್ಯಾಗ ಎರಡು ಬೊಟ್ಟು ಸುಟ್ಟದ. ಡಿಫೆಕ್ಟ್.”

“ತಿನ್ನಬ್ಯಾಡ್ರಿ ಹಂಗಾರ.”

“ತಿನ್ನಾಕ ಏನೂ ಅಡ್ಡಿ ಇಲ್ಲ. ಹೇಳೀನಿ ಅಷ್ಟ.” ಎಂದು ಅರ್ಧ ಮುರಿದು ತಿನ್ನುವನು.

ಒಮ್ಮೆ ನನಗೆ ಸಿಟ್ಟು ಬಂದು, “ಎಲ್ಲಾದಕ್ಕೂ ಹೆಸರಿಡತೀರಲ್ಲ, ನಿಮಗ ನಾಚಿಕಿ ಬರೂದಿಲ್ಲೇನು” ಎಂದೆ. ಅವನಿಗೆ ಬೇಸರವೇನೂ ಆಗಲಿಲ್ಲ. ದಾರದ ಉಂಡೆ ಕೆಳಗಿಟ್ಟು ಸಮಾಧಾನದಿಂದ ತಿಳಿಸಿ ಹೇಳಿದ.

“ಇದು ಬೈಗುಳ ಅಲ್ಲ ಬಾಯಿ, ಇದು ಪತ್ತೆ. ಯಾವ ಮೂಲಿ, ಎಷ್ಟು ಬೊಟ್ಟು ಒಳಗ, ಹಾಸಿನ್ಯಾಗೋ ಹೊಕ್ಕಿನ್ಯಾಗೋ ಅಂತ ಹೇಳಿದ್ರ ಡಿಫೆಕ್ಟ್. ಸುಮ್ಮನ ಚಾದರ ಚಲೋ ಇಲ್ಲ ಅಂದ್ರ ಅದು ಚಾಡಿ. ನಾ ಯಾರ ಮ್ಯಾಲೂ ಚಾಡಿ ಹೇಳಂಗಿಲ್ಲ.”

ಖರೇ. ಅವನು ಜಾಗ ತೋರಿಸದೆ ತಪ್ಪು ಹೇಳಿದ್ದನ್ನು ನಾನು ಕೇಳಿಲ್ಲ. ಮಗಳಿಗೆ ಗಂಡು ನೋಡಲು ಹೋದಾಗಲೂ ಹಾಗೇ. ಹುಡುಗನ ತಂದೆ ತಾಯಿ ಕೂತಿರುವಾಗ ಚಹಾದ ಬಟ್ಟಲು ಕೆಳಗಿಟ್ಟು, “ನಿಮ್ಮ ಹುಡುಗನ ಎಡಗಿವಿ ಬಲಗಿವಿಗಿಂತ ಅರ್ಧ ಬೊಟ್ಟು ಕೆಳಗ ಅದ್ರಿ” ಎಂದ. ಅವರು ಗಾಬರಿಯಾದರು. “ಬಳಕಿಗೆ ಅಡ್ಡಿ ಇಲ್ಲ” ಎಂದು ತಾನೇ ಸೇರಿಸಿ ಅಲ್ಲೇ ಮದುವೆ ಗಟ್ಟಿ ಮಾಡಿ ಬಂದ. ಆ ಅಳಿಯ ಇವತ್ತಿಗೂ ಟೋಪಿ ವಾರೆ ಹಾಕುತ್ತಾನೆ. ಮೊನ್ನೆ ಮಣ್ಣಿಗೆ ಬಂದಾಗಲೂ ಹಾಗೇ ಹಾಕಿದ್ದ.

ಹೋಟಗಿಯ ಒಂದು ಮದುವೆಯ ಮಾತು ಹೇಳಬೇಕು. ನಮ್ಮ ಕಡೆ ಮದುವೆಗೆ ಬಂದ ಗಂಡಸರಿಗೆ ಟಾವೆಲ್ಲು ಟೋಪಿ ಕೊಟ್ಟು ಮರ್ಯಾದೆ ಮಾಡುತ್ತಾರೆ. ಕೊಟ್ಟದ್ದನ್ನು ಹೆಗಲಿಗೆ ಹಾಕಿಕೊಂಡು ಊಟಕ್ಕೆ ಹೋಗಬೇಕು, ಬಿಚ್ಚಿ ನೋಡುವುದಿಲ್ಲ. ಹುಡುಗಿಯ ಸೋದರಮಾವ ಸಾಲಿನಲ್ಲಿ ನಿಂತವರಿಗೆಲ್ಲ ಕೊಡುತ್ತ ಬಂದ. ಮಾಸ್ತರ ತನ್ನದನ್ನು ತೆಗೆದುಕೊಂಡ, ಬಿಚ್ಚಿದ, ಮಂಟಪದ ದೊಡ್ಡ ಬಲ್ಬಿಗೆ ಹಿಡಿದ. ಹಿಂದಿನ ಸಾಲು ನಿಂತಿತು. ಎರಡು ನಿಮಿಷ ನೋಡಿ, ಜೇಬಿನಿಂದ ಕೆಂಪು ದಾರ ತೆಗೆದು ಟಾವೆಲ್ಲಿನ ಅಂಚಿಗೆ ಕಟ್ಟಿ, ಸೋದರಮಾವನ ಕೈಗೆ ತಿರುಗಿ ಕೊಟ್ಟ. ಆ ಪಾಪದವನು ಇದೇನೋ ಶಾಸ್ತ್ರ ಎಂದು ತಿಳಿದು ಎರಡೂ ಕಣ್ಣಿಗೆ ಒತ್ತಿಕೊಂಡ. ಮಾಸ್ತರನ ಹಿಂದೆ ನಿಂತವನು, “ನಮಗೂ ದಾರಾ ಕಟ್ಟಿಕೊಡ್ರಿ” ಎಂದ. ಅವನ ಹಿಂದಿನವನೂ ಕೇಳಿದ. ಮಾಸ್ತರ ಯಾರಿಗೂ ಸುಮ್ಮನೆ ಕಟ್ಟಲಿಲ್ಲ. ಒಂದೊಂದನ್ನೂ ಬಿಚ್ಚಿ ನೋಡಿ, ತಪ್ಪು ಇದ್ದವರಿಗೆ ಮಾತ್ರ ಕಟ್ಟಿದ. ತಪ್ಪಿಲ್ಲದ ಟಾವೆಲ್ಲು ಬಂದ ಇಬ್ಬರು ಮುಖ ಸಣ್ಣ ಮಾಡಿಕೊಂಡು ಉಣ್ಣದೆ ಹೋದರು. ಅಕ್ಷತೆಗೆ ತಡವಾಯಿತು. ನಾನು ಹುಡುಗಿಯ ಕಡೆಯವಳು, ನನ್ನ ಮಾತಿನ ಮೇಲೆ ಅವನನ್ನು ಕರೆದಿದ್ದರು. ಆ ಮನೆಯವರು ಮುಂದೆ ನನ್ನನ್ನೂ ಕರೆಯಲಿಲ್ಲ.

ಹೀಗಿದ್ದ ಫ್ಯಾಕ್ಟರಿಗೆ ಚಿಕ್ಕ ಮಾಲಕ ಬಂದ. ಹಳೆಯ ಮಾಲಕನ ಮಗ, ಪುಣೆಯಲ್ಲಿ ಓದಿದವನು. ಅವನು ಬಂದ ತಿಂಗಳೇ ನಮ್ಮ ಇಬ್ಬರು ಮಗ್ಗದವರು ರಸ್ತೆಯಾಚೆಯ ಫ್ಯಾಕ್ಟರಿಗೆ ಹೋಗಿ ಸೇರಿದರು. ಚಿಕ್ಕ ಮಾಲಕ ನಗುತ್ತ ಮಾಸ್ತರನಿಗೆ ಹೇಳಿದ: “ಮಾಸ್ತರ, ಇಂಗ್ಲಿಷದಾಗ ಇದಕ್ಕೂ ನಿಮ್ಮ ಶಬ್ದನ ಅದ. ತನ್ನ ಕಡಿ ಬಿಟ್ಟು ಆ ಕಡಿ ಹೋದವಂಗೂ ಡಿಫೆಕ್ಟ್ ಆದ ಅಂತಾರ.”

ಮಾಸ್ತರ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂವತ್ತು ವರ್ಷ ತನ್ನದೆಂದುಕೊಂಡ ಹೊಲದಲ್ಲಿ ಬೇರೆಯವರೂ ಬಿತ್ತುತ್ತಿದ್ದಾರೆ ಎಂದು ಗೊತ್ತಾದವನ ಹಾಗೆ ಆಗಿದ್ದ. ಮೂರನೆಯ ದಿನ ಊಟದ ಹೊತ್ತಿಗೆ ನನ್ನ ಮೇಜಿಗೆ ಬಂದ.

“ಬರೋಬರಿ ಅದ ಬಾಯಿ. ಚಾದರದಾಗ ಎಳಿ ತಪ್ಯದ ಅಂತೀವಲ್ಲ, ಅದೂ ಹಿಂಗ ಅಲ್ಲೇನು? ಇರಬೇಕಾದ ಜಾಗಾ ಬಿಟ್ಟು ಬಾಜೂಕ್ಕ ಹೋಗಿ ನಿಂತದ.”

“ಹೋದವರ ಬಗ್ಗಿ ನಮಗ್ಯಾಕ್ರೀ.”

“ಹೋದ ಎಳಿಗೆ ಏನೂ ಆಗಿರಂಗಿಲ್ಲ. ಅದು ಗಟ್ಟಿ ಇರತದ. ತೂತು ಬೀಳೂದು ಅದು ಬಿಟ್ಟ ಜಾಗಾಕ್ಕ.” ಎಂದು ಹೇಳಿ ನನ್ನ ಚಟ್ನಿ ತೆಗೆದುಕೊಂಡು ಹೋದ. ಆ ದಿನದಿಂದ ಮತ್ತೆ ಸರಿಯಾಗಿ ಉಂಡ.

ಚಿಕ್ಕ ಮಾಲಕ ಬುದ್ಧಿವಂತ. ಗೋಡೌನಿನಲ್ಲಿ ಬಿದ್ದಿದ್ದ ಶಿಕ್ಕಾದ ಮಾಲನ್ನು ಅಕ್ಕಲಕೋಟದ ಒಬ್ಬ ದುಕಾನದವನಿಗೆ ಕೊಟ್ಟ. ದೇವಸ್ಥಾನಕ್ಕೆ ಹೋಗುವ ಓಣಿಯಲ್ಲಿ ಅವನ ದುಕಾನ. ಅವನು ‘ಎಕ್ಸ್‌ಪೋರ್ಟ್ ಡಿಫೆಕ್ಟ್’ ಎಂದು ಫಲಕ ಹಚ್ಚಿದ. ಪರದೇಶಕ್ಕೆಂದು ಮಾಡಿದ ಮಾಲು, ಸಾಸಿವೆಯಷ್ಟು ತಪ್ಪಿಗೆ ಸಾಹೇಬರು ಬೇಡವೆಂದದ್ದು ಎಂದು ಜನ ತಿಳಿದರು. ದರ್ಶನ ಮುಗಿಸಿ ಬಂದವರು ಮುಗಿಬಿದ್ದರು. ಪಕ್ಕದ ದುಕಾನದಲ್ಲಿ ನಮ್ಮದೇ ಫ್ಯಾಕ್ಟರಿಯ ತಪ್ಪಿಲ್ಲದ ಚಾದರು ಧೂಳು ತಿನ್ನುತ್ತಿತ್ತು. ಗುರುವಾರ ಅಲ್ಲಿ ದರ್ಶನದ ದಟ್ಟಣೆ; ಎರಡು ಗುರುವಾರದಲ್ಲಿ ಗೋಡೌನು ಬರಿದಾಯಿತು. ದುಕಾನದವನು ಇನ್ನೂ ಬೇಕೆಂದ. ಎಲ್ಲಿಂದ ಬರಬೇಕು? ನಮ್ಮಲ್ಲಿ ಡಿಫೆಕ್ಟ್ ಅಷ್ಟು ಹುಟ್ಟುತ್ತಿರಲಿಲ್ಲ. ಹುಟ್ಟಿದ್ದನ್ನೂ ನಾನು ಮುಚ್ಚಿಬಿಡುತ್ತಿದ್ದೆ.

ಮಾಲಕ ಮೊದಲು ನನಗೆ ಹೇಳಿದ, ರಫೂ ಮಾಡಬೇಡಿ ಎಂದು. ಆರು ಹೆಂಗಸರು ಸೂಜಿ ಹಿಡಿದುಕೊಂಡು ಸುಮ್ಮನೆ ಕೂತೆವು. ಪಗಾರ ನಡೆಯುತ್ತಿತ್ತು. ಎಷ್ಟು ದಿನ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಮಗ್ಗದವರಿಗೆ ಹೇಳಿದ, ಸ್ವಲ್ಪ ತಪ್ಪು ಮಾಡಿರಿ ಎಂದು. ಇಷ್ಟು ವರ್ಷ ತಪ್ಪು ಮಾಡಿದ್ದಕ್ಕೆ ಬೈಸಿಕೊಂಡವರು ಹುರುಪಿನಿಂದ ಮಾಡಿದರು. ಅಂಗೈಯಗಲ ತೂತು, ಮೊಳದುದ್ದ ಗಂಟು. ಮಾಸ್ತರ ನೋಡಿದ. ಕೆಂಪು ದಾರ ಕಟ್ಟಲಿಲ್ಲ. ಎಲ್ಲವನ್ನೂ ಒಂದು ಕಡೆಗೆ ಒಗೆದ.

“ಶಿಕ್ಕಾ ಹೊಡೀರಿ ಮಾಸ್ತರ” ಎಂದ ಮಾಲಕ.

“ಇದು ಡಿಫೆಕ್ಟ್ ಅಲ್ರಿ.”

“ತೂತು ಕಾಣವಲ್ದೇನು?”

“ಕಾಣಸ್ತದ. ಇದು ಆದದ್ದಲ್ಲ, ಮಾಡಿದ್ದು. ಮಾಡಿದ್ದಕ್ಕ ನನ್ನ ಕಡಿ ಶಿಕ್ಕಾ ಇಲ್ಲ.”

“ಗಿರಾಯ್ಕಿಗೆ ಏನು ಫರಕ್ ಬೀಳತದ?”

“ಗಿರಾಯ್ಕಿಗೆ ಬೀಳಂಗಿಲ್ಲ” ಎಂದು ಮಾಸ್ತರ ಒಪ್ಪಿಕೊಂಡ. ಡಬ್ಬಿಗೆ ಕೀಲಿ ಹಾಕಿದ.

ಆಗ ಮಾಲಕ ನನ್ನ ಹತ್ತಿರ ಬಂದ. ಸಣ್ಣಗೆ, ಆದದ್ದರಂತೆ ಕಾಣುವ ಹಾಗೆ ಸೂಜಿಯಿಂದ ಮಾಡಿಕೊಡು ಎಂದ. ನಾನು ಮಾಡಿದೆ. ಮಾಡದೆ ಏನು? ತಪ್ಪು ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹನ್ನೆರಡು ಚಾದರಿನಲ್ಲಿ ಹನ್ನೆರಡು ತರಹ ಮಾಡಿ ಕಳಿಸಿದೆ. ಒಳ್ಳೆಯ ಕೆಲಸ, ಇವತ್ತಿಗೂ ಹೇಳುತ್ತೇನೆ. ಮಾಸ್ತರ ಹನ್ನೆರಡನ್ನೂ ಮಡಚಿ ನನ್ನ ಮೇಜಿನ ಮೇಲೆ ತಂದಿಟ್ಟ.

“ಬಾಯಿ, ಸೂಜಿ ಹೋದ ಹಾದಿ ಕಾಣಸ್ತದ.”

“ಮಂದಿಗೆ ಕಾಣಂಗಿಲ್ಲ.”

“ನಿನಗ ಕಾಣಸ್ತದಲ್ಲ.”

“ನನಗ ಪಗಾರ ಬೇಕ್ರೀ ಮಾಸ್ತರ. ಮನಿಯಾಗ ದುಡಿಯವ್ರು ಇನ್ನೊಬ್ಬರಿಲ್ಲ. ನೀವು ಡಬ್ಬಿ ಕೀಲಿ ಹಿಡಕೊಂಡು ಕುಂತ್ರ ನಮ್ಮ ಆರೂ ಮಂದಿ ಕೆಲಸ ಹೋಗತದ. ನಿಮ್ಮದೂ ಹೋಗತದ.”

ಅವನು ಮೇಲಿನಿಂದ ಒಂಬತ್ತರ ತನಕ ಬೆರಳಿನಿಂದ ಎಣಿಸಿ, “ಒಂಬತ್ತನೇದ್ದು ಮಾತ್ರ ಭಾಳ ಚಲೋ ಮಾಡೀ” ಎಂದು ಹೇಳಿ ಹೋದ. ಸಿಟ್ಟು ಬಂದಿದ್ದರೂ ಆ ಮಾತು ನನಗೆ ಹಿಡಿಸಿತು.

ಮಾಲಕ ನಮ್ಮಿಬ್ಬರಿಗೂ ಹೇಳದೆ ಪೇಟೆಯಲ್ಲಿ ಇನ್ನೊಂದು ಶಿಕ್ಕಾ ಮಾಡಿಸಿದ. ತಪ್ಪಿಲ್ಲದ ಚಾದರಿಗೇ ಹೊಡೆದು ಅಕ್ಕಲಕೋಟಕ್ಕೆ ಕಳಿಸಿದ. ಕೆಟ್ಟ ಮಾಲಿನ ಹೆಸರಿನಲ್ಲಿ ಚಲೋ ಮಾಲು ಕೊಟ್ಟರೆ ಯಾರು ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದ. ಬಂದರು.

ಒಂದು ಗುರುವಾರ ಬೆಳಿಗ್ಗೆ ದುಕಾನದವನ ಫೋನು ಬಂತು. ಮಾಲಕ ಮಾಸ್ತರನನ್ನೂ ನನ್ನನ್ನೂ ಜೀಪಿಗೆ ಹತ್ತಿಸಿದ. ಹಾದಿಯಲ್ಲಿ ವಿಷಯ ಹೇಳಿದ. ಶಿಕ್ಕಾ ಇದೆ, ಡಿಫೆಕ್ಟ್ ಇಲ್ಲ, ನಮಗೆ ಮೋಸವಾಗಿದೆ ಎಂದು ಗಿರಾಕಿಗಳು ದುಕಾನದ ಮುಂದೆ ಕೂತಿದ್ದಾರೆ. ಮಾಸ್ತರ ಹೋಗಿ ಡಿಫೆಕ್ಟ್ ತೋರಿಸಬೇಕು.

“ಇದ್ರ ತೋರಸ್ತೀನಿ” ಎಂದ ಮಾಸ್ತರ.

“ತೋರಸಲಿಲ್ಲ ಅಂದ್ರ ಮಾಲ್ ಎಲ್ಲಾ ತಿರುಗಿ ಬರತದ. ರಫೂ ಖಾತೆ ಬಂದ್ ಮಾಡತೀನಿ. ನೀವೂ ನಾಳಿಂದ ಬರೂದು ಬ್ಯಾಡ.” ಇದನ್ನು ಅವನು ಮೆತ್ತಗೆ ಹೇಳಿದ. ಮಾಸ್ತರ ಕಿಟಕಿಯಿಂದ ಹೊರಗೆ ನೋಡಿದ. ನನ್ನನ್ನು ಯಾಕೆ ಕರೆದದ್ದು ಎಂದು ಕೇಳಿದ್ದಕ್ಕೆ ಮಾಲಕ ನನ್ನ ಕಿವಿಯ ಹತ್ತಿರ ಬಾಗಿ, “ಸೂಜಿ ತಂದೀ ಇಲ್ಲೋ” ಎಂದ. ತಂದಿದ್ದೆ.

ದುಕಾನದ ಮುಂದೆ ಮೂವತ್ತು ಮಂದಿ ಇದ್ದರು. ಎಲ್ಲರಿಗಿಂತ ಮುಂದೆ ಅಫಜಲಪುರ ಕಡೆಯ ಒಬ್ಬ ಗೌಡತಿ, ಒಳ್ಳೆ ಎತ್ತರದ ಹೆಂಗಸು, ಆರು ಚಾದರಿನ ಗಂಟಿನ ಮೇಲೆ ಕೂತಿದ್ದಳು. ಮಗನ ಮದುವೆಯಲ್ಲಿ ಬೀಗರಿಗೆ ಕೊಡಲು ಒಯ್ದಿದ್ದಳಂತೆ.

“ಮಾಸ್ತರ ಅಂದ್ರ ನೀವೇನು?” ಎಂದಳು. “ಬರ್ರಿ. ಮನಿ ಮಂದಿ ಎಲ್ಲಾ ಮೂರು ದಿನ ಹುಡುಕೀವಿ. ಕಾಲೇಜ ಕಲಿಯೋ ಹುಡುಗ್ರು ಹುಡುಕ್ಯಾರ. ನಮ್ಮ ಮಾವಗೋಳು ತೊಂಬತ್ತು ವರ್ಷದವರು, ಅವರೂ ಕೈಯಾಡ್ಸಿ ನೋಡ್ಯಾರ. ಆರು ಚಾದರದಾಗ ಒಂದ್ ಡಿಫೆಕ್ಟ್ ಇಲ್ಲ.”

“ಚಲೋನ ಆತಲ್ರಿ ಅಕ್ಕಾರ” ಎಂದ ದುಕಾನದವನು.

“ಎಲ್ಲಿ ಚಲೋ? ಡಿಫೆಕ್ಟ್ ಇಲ್ಲ ಅಂದ್ರ ಇದು ಎಕ್ಸ್‌ಪೋರ್ಟ್ ಅಲ್ಲ. ಎಕ್ಸ್‌ಪೋರ್ಟ್ ಇದ್ದಿದ್ರ ಚಲೋ ಮಾಲನ್ನ ಸಾಹೇಬ ನಿನಗ್ಯಾಕ ಬಿಡತಿದ್ದ? ತಾನ ಹೊಚ್ಚಿಕೊಂಡು ಮಲಗತಿದ್ದ. ಇದು ಇಲ್ಲೇ ಸೊಲ್ಲಾಪುರದಾಗಿನ ಸಾದಾ ಚಾದರ. ನಮ್ಮನ್ನ ಹಳ್ಳಿ ಮಂದಿ ಅಂತ ತಿಳದೀರಿ. ಡಿಫೆಕ್ಟ್ ಅಂತ ಹೇಳಿ ಕೊಟ್ಟೀರಿ, ಡಿಫೆಕ್ಟ್ ಕೊಡ್ರಿ.”

“ಕೊಡ್ರಿ” ಎಂದರು ಹಿಂದಿನವರು.

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅದು ಸೊಲ್ಲಾಪುರದ ಸಾದಾ ಚಾದರೇ ಆಗಿತ್ತು.

ಮಾಸ್ತರ ಮೇಲಿನ ಒಂದು ಚಾದರು ತೆಗೆದುಕೊಂಡು ಮೂಲೆ ನೋಡಿದ. “ಈ ಶಿಕ್ಕಾ ನಾ ಹೊಡದದ್ದಲ್ಲ, ವಾರಿ ಬಿದ್ದದ” ಎಂದ. ಮಾಲಕ ಕೆಮ್ಮಿದ. ಅಲ್ಲಿ ಗಾಜಿನ ಮೇಜು ಇರಲಿಲ್ಲ. ದುಕಾನದ ಬಾಗಿಲಿಗೆ ಚಾದರನ್ನು ಪರದೆಯಂತೆ ಕಟ್ಟಿಸಿದ, ಬಿಸಿಲು ಆ ಕಡೆಯಿಂದ ಬೀಳುವ ಹಾಗೆ. ತಾನು ಒಳಗೆ ನಿಂತ. ಹೊರಗಿನವರಿಗೆ ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಬಟ್ಟೆಯ ಮೇಲೆ ಒಂದು ಬೆರಳಿನ ಗುರುತು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹರಿದಾಡುತ್ತಿತ್ತು. ದರ್ಶನಕ್ಕೆ ಹೊರಟವರೂ ಅಲ್ಲಿ ನಿಂತರು. ಒಬ್ಬ ಮುದುಕಿ ಒಳಗೆ ಯಾವ ದೇವರು ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೈ ಮುಗಿದು ಹೋದಳು. ಚಹಾ ಬಂತು, ಎಲ್ಲರೂ ಕುಡಿದರು. ನಾನು ಸೂಜಿ ಹಿಡಿದುಕೊಂಡು ಒಳಗೆ ನುಸುಳಲು ನೋಡಿದೆ. ಗೌಡತಿ ನನ್ನ ಸೀರೆ ಹಿಡಿದು, “ನೀ ಎಲ್ಲಿಗಿ? ಇಲ್ಲೇ ಕೂಡು” ಎಂದಳು.

ಮುಕ್ಕಾಲು ತಾಸಿನ ಮೇಲೆ ಮಾಸ್ತರ ಚಾದರು ಸರಿಸಿ ಹೊರಗೆ ಬಂದ. ಬೆವೆತಿದ್ದ.

“ಇದರಾಗ ಡಿಫೆಕ್ಟ್ ಇಲ್ರಿ. ಚಲೋ ಮಾಲು ಅದ. ತಪ್ಪು ನಮ್ಮದ. ಮಾಫ್ ಮಾಡ್ರಿ.”

ಎಲ್ಲರೂ ಒಮ್ಮೆಲೇ ಮಾತಾಡಿದರು. ಯಾರೋ ಫಲಕ ಎಳೆದರು. ದುಕಾನದವನು ಮಾಲಕನ ಅಂಗಿ ಹಿಡಿದ. ಮಾಲಕ, “ಮಾಸ್ತರ, ಇನ್ನೊಮ್ಮೆ ನೋಡ್ರಿ” ಎಂದ. “ನೋಡೀನ್ರಿ” ಎಂದ ಮಾಸ್ತರ. ಗಲಾಟೆಯ ನಡುವೆ ಅವನು ನನ್ನ ಕಡೆ ಕೈ ಮಾಡಿದ.

“ನನ್ನ ಮಾತು ನಂಬಬ್ಯಾಡ್ರಿ. ಈಕಿನ್ನ ಕೇಳ್ರಿ. ಹದಿನೆಂಟು ವರ್ಷ ಆತು, ಸೂಜಿ ಹಿಡದು ನನ್ನ ಬಾಜೂ ಕುಂತಾಳ. ಬಟ್ಟಿ ವಿಷಯದಾಗ ಈಕಿ ನನಗ ಒಂದಿನಾನೂ ಸುಳ್ಳು ಹೇಳಿಲ್ಲ. ಬಾಯಿ, ನೋಡಿ ಹೇಳು.”

ನಾನು ಎದ್ದೆ. ಒಳಗೆ ಹೋಗಿ ಚಾದರಿನ ಮುಂದೆ ನಿಂತೆ. ಮಾಸ್ತರ, ಗೌಡತಿ, ಇನ್ನೂ ನಾಲ್ಕಾರು ಮಂದಿ ಹಿಂದೆಯೇ ಬಂದರು. ಬಿಸಿಲು ಅದರೊಳಗಿಂದ ಜರಡಿ ಹಿಡಿದ ಹಿಟ್ಟಿನ ಹಾಗೆ ಒಂದೇ ಸಮ ಬರುತ್ತಿತ್ತು. ಅಂಥ ನೇಯ್ಗೆ ನಮ್ಮ ಫ್ಯಾಕ್ಟರಿಯಲ್ಲಿ ವರ್ಷಕ್ಕೆ ಹತ್ತು ಬಂದರೆ ಹೆಚ್ಚು. ನನಗೆ ಪಗಾರದ ವಿಚಾರವಿತ್ತು, ಅದು ಸುಳ್ಳಲ್ಲ. ಅವನ ಪಗಾರದ ವಿಚಾರವೂ ಇತ್ತು. ನಾನು ಒಂದು ಮಾತು ಹೇಳಿದರೆ, ಅವನು ಅದಕ್ಕೆ ಹೂಂ ಅಂದರೆ, ಎಲ್ಲರೂ ಮಧ್ಯಾಹ್ನದೊಳಗೆ ಮನೆಗೆ ಹೋಗಬಹುದಿತ್ತು.

“ಅದ” ಎಂದೆ.

“ಎಲ್ಲಿ?” ಎಂದಳು ಗೌಡತಿ. ಅವಳಿಗಿಂತ ಮೊದಲು ಮಾಸ್ತರ ಕೇಳಿದ್ದ.

“ಎಡಗಡಿ ಮೂಲಿಯಿಂದ ನಾಲ್ಕು ಬೊಟ್ಟು ಒಳಗ. ಹೊಕ್ಕಿನ್ಯಾಗ ಒಂದ್ ಎಳಿ ತಪ್ಪಿ ಬಾಜೂದರ ಮ್ಯಾಲ ಹತ್ತ್ಯದ.” ಬೆರಳಿಟ್ಟು ತೋರಿಸಿದೆ.

ಗೌಡತಿ ಬಗ್ಗಿದಳು. ಕಣ್ಣು ಸಣ್ಣ ಮಾಡಿದಳು. “ಹೌದ ನೋಡ್ರಿ, ಅದ” ಎಂದಳು. ಅವಳ ಹಿಂದಿನವನಿಗೂ ಕಂಡಿತು. ಚಸ್ಮಾದವನೊಬ್ಬ ಇಷ್ಟು ದೊಡ್ಡದನ್ನು ಮೂರು ದಿನ ಹೇಗೆ ಬಿಟ್ಟಿರಿ ಎಂದು ಗೌಡತಿಗೇ ಬೈದ. ಉಳಿದವರು ತಮ್ಮ ತಮ್ಮ ಚಾದರು ಬಿಚ್ಚಿ ಎಡಗಡೆಯ ಮೂಲೆಯಿಂದ ನಾಲ್ಕು ಬೆರಳು ಅಳೆದರು. ಎಲ್ಲರಿಗೂ ಅಲ್ಲೇ ಸಿಕ್ಕಿತು. ಇಬ್ಬರಿಗೆ ಎರಡೆರಡು ಸಿಕ್ಕವು. ನಗುತ್ತ ಮಡಚತೊಡಗಿದರು. ದುಕಾನದವನು ಅಂಗಿ ಬಿಟ್ಟ.

ಮಾಸ್ತರ ಮಾತ್ರ ಆ ಮೂಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಜೇಬಿನಿಂದ ಭೂತಗನ್ನಡಿ ತೆಗೆದು ನೋಡಿದ. ಉಗುರಿನಿಂದ ಒಂದೊಂದು ಎಳೆ ದಾಟಿಸಿ ನೋಡಿದ. ತಲೆ ಎತ್ತಿ ನನ್ನನ್ನು ನೋಡಿದ.

“ಬಾಯಿ, ಖರೇ ಅದ ಏನು?”

ಈಗ ತಿಳಿದುಕೊಳ್ಳುತ್ತಾನೆ, ಹೂಂ ಅನ್ನುತ್ತಾನೆ ಎಂದುಕೊಂಡೆ. ಅವನು ನನ್ನ ಹನ್ನೆರಡು ಕಳ್ಳ ತಪ್ಪುಗಳನ್ನು ಒಂದೇ ದಿನದಲ್ಲಿ ಹಿಡಿದವನು. ಕಣ್ಣಿನಿಂದ ಸನ್ನೆ ಕೂಡ ಮಾಡಿದೆ.

“ಅದ ರೀ” ಎಂದೆ.

“ನನಗ ಕಾಣವಲ್ದು” ಎಂದ ಅವನು.

ಎದ್ದು ನಿಂತು, ಅಂಗಿ ಎತ್ತಿ, ಉಡದಾರದಿಂದ ಕೀಲಿ ಬಿಚ್ಚಿ ಮಾಲಕನ ಕೈಯಲ್ಲಿಟ್ಟ. “ಇನ್ನ ಇದು ನನ್ನ ಕಡಿ ಇರಬಾರದ್ರಿ” ಎಂದ. ಮಾಲಕನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಕೊಟ್ಟ ಕೀಲಿಯನ್ನು ಅವನು ಬಿಡುವವನಲ್ಲ. ಮಾಸ್ತರ ಗೌಡತಿಯ ಹತ್ತಿರ ಹೋಗಿ ಆ ಒಂದು ಚಾದರು ತನಗೆ ಬೇಕೆಂದು ಕೇಳಿದ. ಅವಳು ಕೊಡಲಿಲ್ಲ.

“ಡಿಫೆಕ್ಟ್ ಇದ್ದದ್ದನ್ನ ಹ್ಯಾಂಗ ಕೊಡ್ಲಿ?” ಎಂದಳು.

ದುಕಾನದವನು ಅದರ ಬದಲಿಗೆ ಎರಡು ಕೊಟ್ಟ ಮೇಲೆ, ಆ ಎರಡರಲ್ಲೂ ನಾಲ್ಕು ಬೆರಳು ಅಳೆದು ನೋಡಿಕೊಂಡು, ಬಿಟ್ಟುಕೊಟ್ಟಳು. ತಿರುಗಿ ಬರುವಾಗ ಜೀಪಿನಲ್ಲಿ ಮಾಸ್ತರ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮಾಲಕ ಕೀಲಿಯನ್ನು ನನ್ನ ಕಡೆ ಚಾಚಿ, “ನಾಳಿಂದ ನೀನ ಕೂಡು” ಎಂದ. ತೆಗೆದುಕೊಂಡೆ. ಮಾಸ್ತರ, “ಬರೋಬರಿ ಅದ, ಈಕಿಗೆ ಕಾಣಸ್ತದ” ಎಂದ.

ಅವನು ಮತ್ತೆ ಕೆಲಸಕ್ಕೆ ಬರಲಿಲ್ಲ. ಮೂರು ಡಾಕ್ಟರರ ಕಡೆಗೆ ಹೋದ. ಹೋಟಗಿಯಲ್ಲಿ ಕಣ್ಣಿನ ಶಿಬಿರ ಆದಾಗ ಮುಂಜಾನೆ ಹೋಗಿ ಸಾಲಿನಲ್ಲಿ ನಿಂತ. ಎಲ್ಲರೂ ಕಣ್ಣು ಚೆನ್ನಾಗಿವೆ, ಈ ವಯಸ್ಸಿಗೆ ಇಂಥ ಕಣ್ಣು ನೋಡಿಲ್ಲ ಎಂದರು. ನಿಮ್ಮ ಮಶೀನಿಗೆ ಸಣ್ಣದು ಕಾಣುವುದಿಲ್ಲ ಎಂದು ಅವರಿಗೇ ಹೇಳಿ ಬಂದ. ಡಾಕ್ಟರರ ಮಾತು ನಂಬಲಿಲ್ಲ, ನನ್ನ ಮಾತು ನಂಬಿದ್ದ. ಆ ಶಬ್ದ ಅವನ ಬಾಯಿಂದ ಹೋಯಿತು. ಸುಟ್ಟ ರೊಟ್ಟಿ ಸುಮ್ಮನೆ ತಿಂದ. ಅಳಿಯನ ಕಿವಿಯ ಕಡೆ ನೋಡಲಿಲ್ಲ. ಮದುವೆಗೆ ಹೋದರೆ ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಎಲ್ಲರ ಹಾಗೆ ಊಟಕ್ಕೆ ಕೂತ. ಮಗಳು ನನಗೆ ಪೇಟೆಯಲ್ಲಿ ಸಿಕ್ಕಾಗ, “ಅಪ್ಪಾರು ಈಗ ಭಾಳ ಚಲೋ ಆಗ್ಯಾರ್ರೀ ಮಾವಶಿ, ಏನೂ ಅನ್ನಂಗಿಲ್ಲ” ಎಂದಳು. ಮಣ್ಣಿನ ದಿನ ಜನ ಹೊಗಳಿದ್ದು ಕೊನೆಯ ಹದಿನಾರು ವರ್ಷ ಹೀಗಿದ್ದ ಮನುಷ್ಯನನ್ನು. ಅವನನ್ನು ನಾನು ಮಾಡಿದ್ದು.

ಖರೇ ಮಾತು ಅವನಿಗೆ ಹೇಳಲು ಆಗಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಹೇಳಬಹುದಿತ್ತು. 

ಅಕ್ಕಲಕೋಟದಿಂದ ಬಂದ ಮರುದಿನ ಬೆಳಿಗ್ಗೆ ಏಳೂವರೆಗೆ ಬುತ್ತಿ ಕಟ್ಟಿಕೊಂಡು ಹೊರಟೆ. ಆಗ ಅವನ ಮನೆ ಫ್ಯಾಕ್ಟರಿಯ ಹಾದಿಯಲ್ಲೇ ಇತ್ತು. ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂತು, ಚಾದರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡುತ್ತಿದ್ದ. ನನ್ನ ಹೆಜ್ಜೆ ಕೇಳಿ, ಬಟ್ಟೆ ಇಳಿಸದೆ ಕೇಳಿದ: “ಬಾಯಿ, ಯಾವ ಜಾಗಾ ಅಂದೀ?”

ನಿಂತೆ. ಓಣಿಯಲ್ಲಿ ನಾವಿಬ್ಬರೇ ಇದ್ದೆವು.

“ಎಡಗಡಿ ಮೂಲಿ, ಮಾಸ್ತರ್ರೀ. ನಾಲ್ಕು ಬೊಟ್ಟು ಒಳಗ” ಎಂದೆ. ಅವನು ಎಡಗಡೆಯ ಮೂಲೆ ಹುಡುಕಿ ಹಿಡಿದುಕೊಂಡ. ಫ್ಯಾಕ್ಟರಿಯ ಎಂಟರ ಭೋಂಗಾ ಕೂಗುವುದರೊಳಗೆ ಹೋಗಿ ನಾನು ಅವನ ಮೇಜಿಗೆ ಕೂತೆ.